ದೊಡ್ಡಮ್ಮ ನಡೆದ ಹೆಜ್ಜೆಗಳು

ಲಿಫ್ಟ್ ನಡುದಾರಿಯಲ್ಲಿ ನಿಂತುಹೋದರೆ ಒಳಗಿದ್ದವರು ಗಂಟೆಯ ಚಿತ್ರವಿರುವ ಗುಂಡಿ ಒತ್ತುತ್ತಾರಲ್ಲ, ಆ ಗುಂಡಿಯ ಇನ್ನೊಂದು ತುದಿಯಲ್ಲಿ ಕೂತಿರುವುದೇ ಅವಳ ಕೆಲಸ. ಲಿಫ್ಟ್ ತಯಾರಿಸುವ ಕಂಪನಿಯೊಂದರ ಆರನೇ ಮಹಡಿ, ಕಿಟಕಿಯಿಲ್ಲದ ಉದ್ದನೆಯ ಕೋಣೆ, ಹನ್ನೆರಡು ಕುರ್ಚಿ. ಒಂಬತ್ತು ವರ್ಷದಿಂದ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅವಳು ನಾಲ್ಕನೇ ಕುರ್ಚಿಯಲ್ಲಿ ಕೂರುತ್ತಿದ್ದಳು. ಕರೆ ಬಂದ ಕೂಡಲೇ ಅವಳ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಸಮಾಧಾನ, ಸಮಾಧಾನ. ನಾನು ಲೈನಲ್ಲೇ ಇದ್ದೀನಿ." ಹಾಗಾಗಿ ಆಫೀಸಿನಲ್ಲಿ ಅವಳ ಹೆಸರೇ ಸಮಾಧಾನ ಎಂದಾಗಿತ್ತು.

ಮೆಕ್ಯಾನಿಕ್ ಹೋಗಿ ಬಾಗಿಲು ತೆರೆಯುವವರೆಗೂ ಲೈನ್ ಬಿಡುವಂತಿಲ್ಲ ಅನ್ನುವುದು ನಿಯಮ. ಹಲ್ಲಿನ ಡಾಕ್ಟರೊಬ್ಬರು ಒಳಗೆ ಮಗುವಿನ ಹಾಗೆ ಅತ್ತಿದ್ದರು. ಸಂಗೀತದ ಮೇಷ್ಟ್ರೊಬ್ಬರು ಎರಡು ಗಂಟೆ ಹತ್ತು ನಿಮಿಷ ಸಿಕ್ಕಿಕೊಂಡು, ಹೊತ್ತು ಹೋಗಲೆಂದು ಅವಳಿಗೆ ಫೋನಿನಲ್ಲೇ ಪಾಠ ಶುರುಮಾಡಿದ್ದರು. ಅಷ್ಟು ಹೊತ್ತೂ ಅವಳು ಕುರ್ಚಿ ಬಿಟ್ಟು ಕದಲಿರಲಿಲ್ಲ. ದಿನಕ್ಕೆ ಹತ್ತು ಹತ್ತು ನಿಮಿಷದ ಮೂರು ಬಿಡುವು, ಊಟಕ್ಕೆ ಅರ್ಧ ಗಂಟೆ, ಅದೂ ಯಾರೂ ಎಲ್ಲೂ ಸಿಕ್ಕಿಕೊಳ್ಳದಿದ್ದರೆ.

ಇಡೀ ವಾರ ಮಾತಾಡಿ ಮಾತಾಡಿ ಬಾಯಿ ಸೋತಿರುತ್ತಿತ್ತು. ಶನಿವಾರ ರಜೆ. ಆವತ್ತು ಮಧ್ಯಾಹ್ನದವರೆಗೂ ಅವಳು ನೆಲದ ಮೇಲೆ ಒಂದು ಜಮಖಾನ ಹಾಸಿಕೊಂಡು, ರೇಡಿಯೋವನ್ನು ಕೇಳಿಯೂ ಕೇಳದ ಹಾಗೆ ಸಣ್ಣಗೆ ಹಾಕಿ, ಸುಮ್ಮನೆ ಬಿದ್ದುಕೊಂಡಿರುತ್ತಿದ್ದಳು. ಜೊತೆಗಿದ್ದ ದೊಡ್ಡಮ್ಮನಿಗೆ ಅದು ಗೊತ್ತು. ಊಟದ ಹೊತ್ತಿನವರೆಗೂ ಅವಳನ್ನು ಮಾತಾಡಿಸುತ್ತಿರಲಿಲ್ಲ.

ದೊಡ್ಡಮ್ಮ ಎಂದರೆ ಅವಳ ತಾಯಿಯ ಅಕ್ಕ. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಮದುವೆಯ ಗೋಜಿಗೆ ಹೋದವರಲ್ಲ. ತಾಯಿ ತೀರಿಕೊಂಡ ಮೇಲೆ ಇಬ್ಬರೂ ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೆ ಇದ್ದರು. ಅರವತ್ತೇಳು ವರ್ಷವಾಗಿದ್ದರೂ ದೊಡ್ಡಮ್ಮನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಲೈಬ್ರರಿ, ಅಲ್ಲಿಂದ ತರಕಾರಿ ಅಂಗಡಿ, ಅಲ್ಲಿಂದ ಹಳೆಯ ಗೆಳತಿಯ ಮನೆ.

ಒಂದು ಸೋಮವಾರ ಆಫೀಸಿನಲ್ಲಿ ಎಲ್ಲರ ಮೇಜಿನ ಮೇಲೂ ಒಂದೊಂದು ಬಿಳಿ ಡಬ್ಬಿ ಇತ್ತು. ಒಳಗೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಬ್ಯಾಂಡ್. ಟೀಮ್ ಲೀಡರ್ ಕೋಣೆಯ ನಡುವೆ ನಿಂತು ವಿವರಿಸಿದ. ಬೈದು ಬರೆದ ಪತ್ರದ ಕೊನೆಗೂ ನಗುವ ಗೊಂಬೆ ಹಾಕುವ ಆಸಾಮಿ ಅವನು. ಅದಕ್ಕೇ ಅವನಿಗೆ ಬೆನ್ನ ಹಿಂದೆ ನಗುಮುಖ ಎನ್ನುತ್ತಿದ್ದರು.

"ಇದು ನಿಮ್ಮೆಲ್ಲರ ಒಳ್ಳೇದಕ್ಕೆ," ಎಂದ ನಗುಮುಖ. "ದಿನಕ್ಕೆ ಎಂಟು ಸಾವಿರ ಹೆಜ್ಜೆ. ಮೂರು ಸಲ ದೀರ್ಘ ಉಸಿರಾಟ. ಸಂಜೆ ನಿಮ್ಮ ವಿರಾಮದ ಚಟುವಟಿಕೆ ಏನು ಅಂತ ಆ್ಯಪಿನಲ್ಲಿ ತುಂಬಿ. ತಿಂಗಳ ಕೊನೆಗೆ ಪ್ರತಿಯೊಬ್ಬರಿಗೂ ಒಂದು ಬಣ್ಣ ಬರುತ್ತೆ. ಹಸಿರು, ಹಳದಿ, ಕೆಂಪು."

"ಕೆಂಪು ಬಂದ್ರೆ?" ಎಂದು ಯಾರೋ ಕೇಳಿದರು.

"ಏನೂ ಇಲ್ಲ! ಹಸಿರಿನವರು ಪಾಳಿನೂ ರಜೆ ದಿನನೂ ಮೊದಲು ಆರಿಸ್ಕೋತಾರೆ. ಆಮೇಲೆ ಹಳದಿ. ಉಳಿದದ್ದು ಕೆಂಪಿನವರಿಗೆ."

"ಸರ್, ನಾವು ಕೂತೇ ಇರ್ತೀವಲ್ಲ," ಎಂದಳು ಅವಳು. "ಎಂಟು ಸಾವಿರ ಎಲ್ಲಿಂದ ತರೋದು?"

"ಮನಸ್ಸಿದ್ರೆ ಆಗುತ್ತೆ, ಸಮಾಧಾನ," ಎಂದು ಅವನು ನಕ್ಕ.

ಮೊದಲ ವಾರವೇ ಅವಳಿಗೆ ಸಾಕುಸಾಕಾಯಿತು. ಗಂಟೆಗೊಮ್ಮೆ ಬ್ಯಾಂಡ್ ಮಣಿಕಟ್ಟನ್ನು ನಡುಗಿಸಿ, 'ಏಳಿ, ಸ್ವಲ್ಪ ಓಡಾಡಿ!' ಎಂದು ತೋರಿಸುತ್ತಿತ್ತು. ಆಗ ಕಿವಿಯಲ್ಲಿ ಯಾವುದೋ ಕತ್ತಲೆ ಪೆಟ್ಟಿಗೆಯೊಳಗಿನ ಹೆಂಗಸು ಉಸಿರು ಕಟ್ಟುತ್ತಿದೆ ಎಂದು ಗೋಳಾಡುತ್ತಿರುತ್ತಿದ್ದಳು. ಆ್ಯಪಿನ ವಿರಾಮದ ಪಟ್ಟಿಯಲ್ಲಿ ಈಜು, ಯೋಗ, ತೋಟದ ಕೆಲಸ, ಚಿತ್ರಕಲೆ ಎಂದು ಹದಿನಾರು ಬಾಬತ್ತುಗಳಿದ್ದವು. ನೆಲದ ಮೇಲೆ ಸುಮ್ಮನೆ ಬಿದ್ದಿರುವುದು ಇರಲಿಲ್ಲ. ಶನಿವಾರ ಅವಳು ಹಾಗೆ ಮಲಗಿದ್ದಾಗ 'ನೀವು ಇಂದು ಚಟುವಟಿಕೆಯಿಂದ ಇಲ್ಲ, ಮನಸ್ಸು ಸರಿಯಿದೆಯೇ?' ಎಂಬ ಸಂದೇಶ ಬಂತು. ತಿಂಗಳ ಕೊನೆಗೆ ಕೆಂಪು. ಶನಿವಾರದ ರಜೆ ಕೈತಪ್ಪಿ ಬುಧವಾರವಾಯಿತು. ಬುಧವಾರ ಪಕ್ಕದ ಕಟ್ಟಡದಲ್ಲಿ ಗೋಡೆ ಒಡೆಯುವ ಸದ್ದು. ರೇಡಿಯೋ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಎರಡನೇ ತಿಂಗಳು ಹಟ ಹಿಡಿದಳು. ಆಫೀಸಿನಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆಯಲು ಶುರುಮಾಡಿದಳು. ದೊಡ್ಡಮ್ಮ ಊಟಕ್ಕೆ ಕೂತವರು ತುತ್ತು ಕೈಯಲ್ಲಿ ಹಿಡಿದು ನೋಡಿದರು.

"ಏನೇ ಇದು, ಗಾಣದೆತ್ತಿನ ಹಾಗೆ?"

"ಇನ್ನೂ ಐದು ಸಾವಿರ ಇದೆ ದೊಡ್ಡಮ್ಮ. ಮಾತಾಡಿಸ್ಬೇಡಿ, ಉಸಿರು ಹೋಗುತ್ತೆ."

"ಕಾಲು ನೋಡು, ಬಾತುಹೋಗಿದೆ. ಆ ಬ್ಯಾಂಡ್ ಇಲ್ಲಿ ಕೊಡು. ನಾನು ಹೇಗೂ ಊರೆಲ್ಲ ಸುತ್ತೋಳು. ನನ್ನ ಹೆಜ್ಜೆ ದಂಡ ಆಗ್ತಿದೆಯಲ್ಲ!"

ಇಬ್ಬರೂ ನಕ್ಕರು. ಮಾರನೆಯ ದಿನ ಅವಳು ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಆಫೀಸಿಗೆ ಹೋದಳು. ಎಸಿಯ ಚಳಿಗೆ ಅರ್ಧಕ್ಕರ್ಧ ಜನ ಹಾಗೇ ಬರುತ್ತಿದ್ದುದರಿಂದ ಯಾರೂ ಕೈ ನೋಡಲಿಲ್ಲ. ಬ್ಯಾಂಡ್ ದೊಡ್ಡಮ್ಮನ ಕೈಯಲ್ಲಿತ್ತು. ಸಂಜೆ ಅದನ್ನು ಫೋನಿನ ಪಕ್ಕಕ್ಕೆ ತಂದಾಗ ಲೆಕ್ಕವೆಲ್ಲ ತಾನಾಗಿಯೇ ಏರಿತು. ಹನ್ನೊಂದು ಸಾವಿರದ ನಾನೂರು. ಪರದೆಯ ತುಂಬ ನಕ್ಷತ್ರ ಸುರಿದವು. 'ಭೇಷ್! ನೀವು ಅದ್ಭುತ!'

"ಯಾರಿಗೆ ಹೇಳ್ತಿದೆ ಅದು?" ಎಂದು ದೊಡ್ಡಮ್ಮ ಕನ್ನಡಕ ಏರಿಸಿದರು.

"ನಿಮಗೇ."

ದೊಡ್ಡಮ್ಮ ಕನ್ನಡಕ ತೆಗೆದಿಟ್ಟು ಎದ್ದರು. ಪಾತ್ರೆ ತೊಳೆಯುವಾಗ, "ಮೂವತ್ತೊಂದು ವರ್ಷ ಹಾಸಿಗೆ ಬಟ್ಟೆ ಒಗೆದೆ. ಒಬ್ಬರಾದ್ರೂ ಭೇಷ್ ಅಂದಿದ್ರಾ?" ಎಂದು ಗೋಡೆಗೆ ಹೇಳುವವರಂತೆ ಹೇಳಿದರು.

ಅಲ್ಲಿಂದ ದಿನಗಳು ಹಗುರವಾಗಿ ಉರುಳಿದವು. ಅವಳ ಹೆಸರು ಹಸಿರಾಯಿತು, ಶನಿವಾರ ವಾಪಸ್ಸು ಬಂತು. ನಗುಮುಖ ಅವಳ ಮೇಜಿಗೆ ಒಂದು ಪ್ರಶಸ್ತಿಪತ್ರ ಅಂಟಿಸಿ ಹೋದ. ಪಕ್ಕದ ಕುರ್ಚಿಯವಳು, "ಅದು ಹೇಗೆ ಮಾಡ್ತೀರಿ ಮಾರಾಯ್ರೆ?" ಎಂದು ಕೇಳಿದಾಗ, "ಬೆಳಿಗ್ಗೆ ಬೇಗ ಏಳ್ತೀನಿ" ಎಂದು ಸುಳ್ಳು ಹೇಳಿ ಮುಖ ತಿರುಗಿಸಿಕೊಂಡಳು.

ಆ್ಯಪಿನಲ್ಲಿ ಇಡೀ ಕಂಪನಿಯ ಪಟ್ಟಿಯೂ ಇದೆ ಎಂದು ದೊಡ್ಡಮ್ಮನಿಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ಮೊದಲ ಸ್ಥಾನದಲ್ಲಿ ಗೋದಾಮಿನವನೊಬ್ಬನಿದ್ದ. ಅವನದು ದಿನಕ್ಕೆ ಹದಿನೇಳು ಸಾವಿರ. ದೊಡ್ಡಮ್ಮ ಏಳನೆಯವರು.

"ಇವನೇನು ಕುದುರೆನಾ?" ಎಂದರು. ಮಾರನೆಯ ದಿನದಿಂದ ಲೈಬ್ರರಿಗೆ ಸುತ್ತುದಾರಿ ಹಿಡಿದರು. ಐದನೆಯವರಾದರು, ಮೂರನೆಯವರಾದರು. ಸಂಜೆ ಅವಳು ಬಾಗಿಲಿನೊಳಗೆ ಕಾಲಿಡುವುದೇ ತಡ, "ಫೋನ್ ತೆಗಿ, ಫೋನ್ ತೆಗಿ" ಎಂದು ಕೈ ಚಾಚುತ್ತಿದ್ದರು. ಒಂದೆರಡು ಸಲ ಮೆಟ್ಟಿಲು ಹತ್ತಿ ಬಂದು ಗೋಡೆ ಹಿಡಿದು ನಿಂತದ್ದನ್ನು ಅವಳು ಕಂಡಿದ್ದಳು. "ಅಷ್ಟು ನಡೀಬೇಡಿ" ಎಂದೂ ಅಂದಿದ್ದಳು. ಆದರೆ ಜೋರು ಮಾಡಿ ಹೇಳಿರಲಿಲ್ಲ. ಶನಿವಾರ ನೆನಪಾಗಿ ಮಾತು ಗಂಟಲಲ್ಲೇ ಮೆತ್ತಗಾಗುತ್ತಿತ್ತು.

ಒಂದು ಗುರುವಾರ ಹನ್ನೊಂದರ ಸುಮಾರಿಗೆ ಮೂರನೇ ಮಹಡಿಯ ಆರೋಗ್ಯ ವಿಭಾಗದಿಂದ ಕರೆ ಬಂತು. ಅಲ್ಲಿದ್ದವರು ಒಬ್ಬರೇ ನರ್ಸ್. ಐವತ್ತರ ಆಸುಪಾಸು, ಮಾತು ಕಮ್ಮಿ. ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು.

"ಎದೆ ಡವಗುಟ್ಟುತ್ತಾ ನಿಮಗೆ? ತಲೆಸುತ್ತು?"

"ಇಲ್ಲವಲ್ಲ."

"ನಿಮ್ಮ ಬ್ಯಾಂಡ್ ನಾಡಿನೂ ಅಳೆಯುತ್ತೆ. ಹದಿನೈದು ದಿನದಲ್ಲಿ ಹನ್ನೊಂದು ಸಲ ತಾಳ ತಪ್ಪಿದೆ. ಮೊನ್ನೆ ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ ನೋಡಿ. ನೀವು ಕೂತಿದ್ದೀರಿ, ನಾಡಿ ನೂರಾ ಅರವತ್ತು. ಆಗ ಏನು ಮಾಡ್ತಿದ್ರಿ?"

ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಇಬ್ಬರು ಪೇಂಟರುಗಳ ಜಗಳವನ್ನು ಅವಳು ಫೋನಿನಲ್ಲೇ ಬಿಡಿಸುತ್ತಿದ್ದಳು. ಈ ಯಂತ್ರಕ್ಕೆ ಹುಚ್ಚು ಹಿಡಿದಿರಬೇಕು ಎಂದು ನಗು ತುಟಿಯವರೆಗೆ ಬಂತು. ಅಲ್ಲೇ ನಿಂತಿತು. ಇದು ತನ್ನ ನಾಡಿಯಲ್ಲ.

"ಮುಖ ಬಿಳಿಚಿಕೊಂಡಿದೆ," ಎಂದರು ನರ್ಸ್. "ಇವತ್ತು ಮನೆಗೆ ಹೋಗಿ. ಡಾಕ್ಟರ್ ಚೀಟಿ ಇಲ್ಲದೆ ವಾಪಸ್ ಬರಬೇಡಿ. ಟೀಮ್ ಲೀಡರಿಗೆ ನಾನು ಹೇಳ್ತೀನಿ."

ದೊಡ್ಡಮ್ಮನ ಫೋನಿಗೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಅದು ಯಾವಾಗಲೂ ಫ್ರಿಜ್ಜಿನ ಮೇಲೇ ಇರುತ್ತಿತ್ತು. ಟ್ಯಾಕ್ಸಿಯಲ್ಲಿ ಮನೆಗೆ ಬಂದಳು, ಬೀಗ. ಲೈಬ್ರರಿಗೆ ಓಡಿದಳು, ಇಲ್ಲ. "ಆಗ್ಲೇ ಹೋದ್ರಲ್ಲ, ಕೈ ಬೀಸಿಕೊಂಡು" ಎಂದ ಕಾವಲುಗಾರ. ತರಕಾರಿ ಅಂಗಡಿ, ಗೆಳತಿಯ ಮನೆ, ಶಾಲೆಯ ಹಿಂದಿನ ರಸ್ತೆ. ಮಣಿಕಟ್ಟಿನಲ್ಲಿ ಏನೂ ಇಲ್ಲದೆ ಆವತ್ತು ಅವಳು ಎಷ್ಟು ಹೆಜ್ಜೆ ಹಾಕಿದಳೋ ದೇವರಿಗೇ ಗೊತ್ತು.

ದೊಡ್ಡಮ್ಮ ಸಿಕ್ಕಿದ್ದು ಮೂರು ಸ್ಟಾಪಿನಾಚೆಯ ಬಸ್ ನಿಲ್ದಾಣದ ಬೆಂಚಿನ ಮೇಲೆ. ಒಂದು ಕೈ ಎದೆಯ ಮೇಲಿತ್ತು, ಹಣೆ ಬೆವರಿತ್ತು. ಅವಳನ್ನು ಕಂಡು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಕ್ಕರು.

"ಏನಿಲ್ಲ ಕಣೇ, ಸ್ವಲ್ಪ ಕೂತೆ. ಇನ್ನು ಆರುನೂರು ಆದ್ರೆ ಆ ಗೋದಾಮಿನವನನ್ನ ಹಿಂದೆ ಹಾಕ್ತೀನಿ."

ಅವಳು ಪಕ್ಕದಲ್ಲಿ ಕೂತು, ಆ ಕೈ ಹಿಡಿದು, ಬ್ಯಾಂಡ್ ಬಿಚ್ಚಿದಳು. ಕೈ ತಣ್ಣಗಿತ್ತು. "ಸಮಾಧಾನ" ಎನ್ನಲು ಹೋದಳು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಮಾತು ಬಾಯಿಗೆ ಬರಲಿಲ್ಲ.

ಆಸ್ಪತ್ರೆ ತಲುಪುವ ಹೊತ್ತಿಗೆ ನಾಡಿ ಸರಿಯಾಗಿತ್ತು. ಇಸಿಜಿಯಲ್ಲೂ ತೊಂದರೆ ಕಾಣಲಿಲ್ಲ. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಬಂದು ಹೋಗೋ ತೊಂದರೆ ಇರಬಹುದು. ಬಂದಾಗ ಹಿಡೀಬೇಕು. ಒಂದಿಡೀ ದಿನ ಎದೆಗೆ ಕಟ್ಟೋ ಯಂತ್ರ ಇದೆ, ಆದ್ರೆ ಅದಕ್ಕೆ ಐದು ವಾರ ಕಾಯಬೇಕು. ನಿಮ್ಮ ಬ್ಯಾಂಡಿನಲ್ಲಿ ನಾಡಿಯ ದಾಖಲೆ ಇದೆ ಅಂದ್ರಲ್ಲ, ಅದು ಸಿಕ್ಕಿದ್ರೆ ಇವತ್ತೇ ಮಾತ್ರೆ ಶುರು ಮಾಡಬಹುದು."

ಫೋನಿನಲ್ಲಿ ಹುಡುಕಿದಳು. ಅಲ್ಲಿದ್ದದ್ದು ಹೆಜ್ಜೆ, ನಕ್ಷತ್ರ, ಭೇಷ್. ನಾಡಿಯ ವಿವರವೆಲ್ಲ ಆಫೀಸಿನಲ್ಲಿ, ನರ್ಸಿನ ಕಂಪ್ಯೂಟರಿನಲ್ಲಿ. ಹೊರಗೆ ಬಂದು ನರ್ಸಿಗೆ ಫೋನ್ ಮಾಡಿ, ಡಾಕ್ಟರ್ ಕೇಳುತ್ತಿದ್ದಾರೆ ಎಂದಳು.

"ಖಂಡಿತ. ನಿಮ್ಮ ಹೆಸರು, ಹುಟ್ಟಿದ ದಿನ ಹಾಕಿ ನೇರವಾಗಿ ಆಸ್ಪತ್ರೆಗೇ ಕಳಿಸ್ತೀನಿ," ಎಂದರು ಅವರು.

ಅವಳು ಲೈನ್ ಬಿಟ್ಟಳು. ನಲವತ್ತೆರಡು ವರ್ಷದವಳ ಹೆಸರಿನಲ್ಲಿ ಬರುವ ಕಾಗದವನ್ನು ಅರವತ್ತೇಳು ವರ್ಷದವರ ಕಡತಕ್ಕೆ ಯಾರು ಸೇರಿಸುತ್ತಾರೆ?

ಮನೆಗೆ ಬರುವ ದಾರಿಯಲ್ಲಿ ದೊಡ್ಡಮ್ಮನಿಗೆ ಎಲ್ಲ ಅರ್ಥವಾಗಿತ್ತು.

"ಹೇಳೋಕೆ ಹೋಗಬೇಡ. ಕೆಲಸ ಹೋಗುತ್ತೆ. ಐದು ವಾರ ತಾನೇ? ನಾನು ಕುರ್ಚಿ ಬಿಟ್ಟು ಏಳಲ್ಲ, ಆಣೆ."

"ಕೂತಾಗಲೇ ಬಂದಿದ್ದು ದೊಡ್ಡಮ್ಮ ಅದು. ಮಂಗಳವಾರ ನೀವು ಕೂತಿದ್ರಿ."

"ಲೈಬ್ರರಿಯಲ್ಲಿ ಪೇಪರ್ ಓದ್ತಿದ್ದೆ," ಎಂದರು ದೊಡ್ಡಮ್ಮ ಮೆಲ್ಲಗೆ. "ಅಕ್ಷರ ಎಲ್ಲ ತೇಲಿದ ಹಾಗಾಯ್ತು. ನಿನಗೆ ಹೇಳಿದ್ರೆ ಬ್ಯಾಂಡ್ ಕಿತ್ಕೋತೀಯ ಅಂತ ಸುಮ್ಮನಿದ್ದೆ."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ನರ್ಸಿನ ಮುಂದೆ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನರ್ಸ್ ಎದ್ದು ಬಾಗಿಲು ಮುಚ್ಚಿ, ಹದಿನಾಲ್ಕು ಹಾಳೆ ಮುದ್ರಿಸಿ, ಮೇಲಿದ್ದ ಅವಳ ಹೆಸರನ್ನು ಪೆನ್ನಿನಿಂದ ಹೊಡೆದು, "ನಿಮ್ಮ ದೊಡ್ಡಮ್ಮನ ಹೆಸರು ಹೇಳಿ" ಎಂದರು. ಬರೆದು, ಸಹಿ ಹಾಕಿ, ಮೊಹರು ಒತ್ತಿದರು.

"ಮೊದಲು ಇದನ್ನ ಕೊಟ್ಟು ಬನ್ನಿ. ಇದನ್ನ ನಾನು ಮೇಲಿನವರಿಗೆ ತಿಳಿಸಲೇಬೇಕು, ಆದ್ರೆ ಮಧ್ಯಾಹ್ನದ ಮೇಲೆ ತಿಳಿಸ್ತೀನಿ."

ಮಾತ್ರೆ ಆವತ್ತೇ ಶುರುವಾಯಿತು. ವಾರದೊಳಗೆ ದೊಡ್ಡಮ್ಮನನ್ನು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಎಲ್ಲ ಪರೀಕ್ಷೆಯನ್ನೂ ಮಾಡಿದರು. ಇನ್ನೂ ತಡವಾಗಿದ್ದರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಸಂಭವವಿತ್ತು ಎಂದಳು ಡಾಕ್ಟರ್. ದಿನಕ್ಕೆ ನಿಧಾನವಾಗಿ ಅರ್ಧ ಗಂಟೆ ನಡೆದರೆ ಸಾಕು, ಪಂದ್ಯ ಕಟ್ಟುವ ಹಾಗಿಲ್ಲ. ದೊಡ್ಡಮ್ಮ ಒಳ್ಳೆಯ ಮಗುವಿನ ಹಾಗೆ ತಲೆಯಾಡಿಸಿದರು.

ಅವಳಿಗೆ ಆಫೀಸಿನಿಂದ ಪತ್ರ ಬಂದದ್ದು ಒಂಬತ್ತನೆಯ ದಿನ. ಸೋಮವಾರ ಹತ್ತಕ್ಕೆ ಹತ್ತನೇ ಮಹಡಿಗೆ ಬರಬೇಕು. ಕೊನೆಯಲ್ಲಿ ನಗುವ ಗೊಂಬೆ ಇರಲಿಲ್ಲ. ಕೆಲಸಕ್ಕೆ ಎಳ್ಳುನೀರು ಬಿಟ್ಟಹಾಗೆಯೇ ಎಂದುಕೊಂಡು ಹೋದಳು. ಮೇಜಿನ ಡ್ರಾಯರಿನಲ್ಲಿದ್ದ ಬಾಚಣಿಗೆ, ಲೋಟ, ತಲೆನೋವಿನ ಮಾತ್ರೆ ತುಂಬಿಕೊಳ್ಳಲು ಒಂದು ಚೀಲವನ್ನೂ ಒಯ್ದಿದ್ದಳು.

ಹತ್ತನೇ ಮಹಡಿಯ ಕೋಣೆಗೆ ದೊಡ್ಡ ಕಿಟಕಿಯಿತ್ತು. ನಗುಮುಖ ಇದ್ದ, ಸಿಬ್ಬಂದಿ ವಿಭಾಗದ ಮುಖ್ಯಸ್ಥರು ಇದ್ದರು, ಪ್ರಚಾರ ವಿಭಾಗದ ಒಬ್ಬ ಮೇಡಂ ಇದ್ದರು. ಮೇಡಂ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ದೊಡ್ಡಮ್ಮ ಹೇಗಿದ್ದಾರೆ? ಕೇಳಿ ನನಗೆ ಮೈ ಜುಮ್ಮಂತು. ನಮ್ಮ ಬ್ಯಾಂಡ್ ಒಂದು ಜೀವ ಉಳಿಸ್ತು!"

ಮೇಡಂ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು.

"ಮುಂದಿನ ವರ್ಷ ಮನೆಯವರಿಗೂ ಬ್ಯಾಂಡ್ ಕೊಡಬೇಕು ಅಂತಿದ್ದೀವಿ. ನಿಮ್ಮ ಕಥೆಗಿಂತ ಒಳ್ಳೇ ಉದಾಹರಣೆ ಬೇಕಾ? ನೀವು ನಮ್ಮ ಎಲ್ಲ ಶಾಖೆಗೂ ಹೋಗಿ ಹತ್ತು ನಿಮಿಷ ಮಾತಾಡಬೇಕು. ಸಣ್ಣ ತಿದ್ದುಪಡಿ ಅಷ್ಟೇ. ಬ್ಯಾಂಡನ್ನ ಪ್ರಯೋಗಕ್ಕೆ ಅಂತ ನಾವೇ ದೊಡ್ಡಮ್ಮನಿಗೆ ಕೊಟ್ಟಿದ್ವಿ ಅಂತ ಹೇಳಿದ್ರಾಯ್ತು."

"ನಾನು ಒಪ್ಪದಿದ್ರೆ?"

ಮುಖ್ಯಸ್ಥರು ಮೊದಲ ಬಾರಿಗೆ ಮಾತಾಡಿದರು. "ಆಗ ಅದು ಸುಳ್ಳು ದಾಖಲೆ ಕೊಟ್ಟ ಪ್ರಕರಣ ಆಗುತ್ತೆ. ಅದರ ದಾರಿ ಬೇರೆ."

ಎರಡು ಕಾಗದ ಪಕ್ಕಪಕ್ಕದಲ್ಲಿದ್ದವು. ಒಂದಕ್ಕೆ ಸಹಿ ಹಾಕಿದರೆ ಇನ್ನೊಂದು ಬೇಡ. ಮನೆ ಬಾಡಿಗೆ, ದೊಡ್ಡಮ್ಮನ ಮಾತ್ರೆ, ತನ್ನ ವಯಸ್ಸು, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಭಾಷಣದ ಕಾಗದಕ್ಕೆ ಸಹಿ ಹಾಕಿದಳು. ನಗುಮುಖ ಚಪ್ಪಾಳೆ ತಟ್ಟಿದ. ಅವಳ ಕೈಗೆ ಹೊಸ ಬ್ಯಾಂಡ್ ಕಟ್ಟಿದರು. ಇದು ಕಟ್ಟಿಕೊಂಡವರ ನಾಡಿಯನ್ನೇ ಗುರುತು ಹಿಡಿಯುತ್ತಂತೆ, ಬೇರೆಯವರ ಕೈಗೆ ಹೋದರೆ ಕೂಡಲೇ ಸುದ್ದಿ ಮುಟ್ಟಿಸುತ್ತಂತೆ. ತಂದಿದ್ದ ಚೀಲವನ್ನು ಮಡಿಚಿ ಕಂಕುಳಿಗೆ ಸಿಕ್ಕಿಸಿಕೊಂಡು ಅವಳು ಆರನೇ ಮಹಡಿಗೆ ಇಳಿದಳು. ನಾಲ್ಕನೇ ಕುರ್ಚಿ ಖಾಲಿಯಿತ್ತು. ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು, ಕರೆಯ ದೀಪ ಮಿಣುಕುತ್ತಿತ್ತು.

ಶಾಖೆಗಳು ಇಪ್ಪತ್ತೆರಡು. ವಾರದ ದಿನಗಳಲ್ಲಿ ಕುರ್ಚಿ ಖಾಲಿ ಬಿಡುವಂತಿಲ್ಲವಾದ್ದರಿಂದ ಭಾಷಣಗಳನ್ನೆಲ್ಲ ಶನಿವಾರಕ್ಕೆ ಹಾಕಿದರು.

ಬೆಳಿಗ್ಗೆ ಏಳಕ್ಕೆ ಕಂಪನಿಯ ಕಾರು ಬರುತ್ತಿತ್ತು. ಎಲ್ಲ ಶಾಖೆಯಲ್ಲೂ ಅದೇ ಬಿಳಿ ಕುರ್ಚಿ, ಅದೇ ಬಿಸ್ಕತ್ತು, ಕೈಯಲ್ಲಿ ಆಫೀಸಿನವರು ಬರೆದುಕೊಟ್ಟ ಅದೇ ಮಾತಿನ ಹಾಳೆ, ಪರದೆಯ ಮೇಲೆ ದೊಡ್ಡಮ್ಮನ ಅದೇ ಫೋಟೋ. ಮೊದಲ ವಾರ ಅವಳ ನಾಲಿಗೆ ತೊದಲಿತು. ಮೂರನೇ ವಾರದ ಹೊತ್ತಿಗೆ ಸುಳ್ಳು ಎಷ್ಟು ಸಲೀಸಾಯಿತೆಂದರೆ, ಎಲ್ಲಿ ಸ್ವರ ತಗ್ಗಿಸಬೇಕು, ಎಲ್ಲಿ ಜನ ಕಣ್ಣೊರೆಸಿಕೊಳ್ಳುತ್ತಾರೆ ಎಂಬುದೂ ಗೊತ್ತಾಗಿತ್ತು. ಅದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಐದನೇ ಶಾಖೆಯಲ್ಲಿ ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಕುತ್ತಿಗೆಯಲ್ಲಿ ಹೆಡ್‌ಫೋನ್ ಹಾಗೇ ಇತ್ತು, ಬಿಡುವಿನಲ್ಲಿ ಓಡಿ ಬಂದಿದ್ದಳು ಎಂದು ಕಾಣುತ್ತದೆ.

"ಮೇಡಂ, ನಾನೂ ನಿಮ್ಮ ಹಾಗೆ ಅಲಾರ್ಮ್ ಕರೆ ತಗೊಳ್ಳೋಳು. ನನ್ನದು ಯಾವಾಗಲೂ ಕೆಂಪು. ನಿಮ್ಮದು ಹಸಿರಂತೆ. ಕೂತ ಕಡೆಯಿಂದ ಎಂಟು ಸಾವಿರ ಹೆಜ್ಜೆ ಹೇಗೆ ಆಗುತ್ತೆ? ನಿಜವಾಗ್ಲೂ ಕೇಳ್ತಿದ್ದೀನಿ."

ಗೋಡೆಗೆ ಒರಗಿ ನಿಂತಿದ್ದ ನಗುಮುಖ ಅವಳ ಕಡೆ ನೋಡಿದ. ಈ ಪ್ರಶ್ನೆಗೂ ಬರೆದುಕೊಟ್ಟ ಉತ್ತರವಿತ್ತು. 'ಮನಸ್ಸಿದ್ದರೆ ಆಗುತ್ತದೆ.' ಆ ಹೆಂಗಸಿನ ಕಣ್ಣ ಕೆಳಗಿನ ಕಪ್ಪು, ಬಾತುಕೊಂಡ ಪಾದಗಳು, ಎಲ್ಲ ಅವಳಿಗೆ ಕನ್ನಡಿಯಲ್ಲಿ ನೋಡಿದಷ್ಟು ಗುರುತಿದ್ದವು.

"ಆಗಲ್ಲ," ಎಂದಳು. ಮೈಕಿನಲ್ಲಿ ಅದು ಬಹಳ ದೊಡ್ಡದಾಗಿ ಕೇಳಿತು. "ಆ ಕುರ್ಚಿಯಲ್ಲಿ ಕೂತು ಯಾರಿಂದಲೂ ಆಗಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಹೆಂಗಸು ಅವಳನ್ನೇ ಒಂದು ಗಳಿಗೆ ನೋಡಿ, ತಲೆಯಾಡಿಸಿ, ತನ್ನ ಬಿಡುವು ಮುಗಿದದ್ದು ನೆನಪಾಗಿ ಓಡಿದಳು. ವಾಪಸ್ಸು ಬರುವಾಗ ಕಾರಿನಲ್ಲಿ ನಗುಮುಖ, "ಮುಂದಿನ ವಾರದಿಂದ ಪ್ರಶ್ನೆ ಬೇಡ. ಬರೀ ನಿಮ್ಮ ಮಾತು," ಎಂದ. ಅವಳು ಕಿಟಕಿಯ ಹೊರಗೆ ನೋಡುತ್ತಾ ಆಗಲಿ ಎಂದಳು. ಇನ್ನೂ ಹದಿನೇಳು ಶಾಖೆ ಇದ್ದವು.

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಹಾಸಿಗೆಯ ಮೇಲೆ ಬಟ್ಟೆಗಳೆಲ್ಲ ಹರಡಿದ್ದವು. ದೊಡ್ಡಮ್ಮ ಕನ್ನಡಿಯ ಮುಂದೆ ನಿಂತು, ಹತ್ತು ವರ್ಷದಿಂದ ಬೀರುವಿನಿಂದ ಹೊರಗೆ ಬರದ ನೀಲಿ ಶಾಲು ಹೊದ್ದು ನೋಡಿಕೊಳ್ಳುತ್ತಿದ್ದರು. ಮುಖದಲ್ಲಿ ಕಳೆ ಬಂದಿತ್ತು.

"ನಿಮ್ಮ ಆಫೀಸಿನ ಪ್ರಚಾರದ ಮೇಡಂ ಈಗ್ತಾನೇ ಫೋನ್ ಮಾಡಿದ್ರು ಕಣೇ! ಎಷ್ಟು ಚೆನ್ನಾಗಿ ಮಾತಾಡ್ತಾರೆ! ಮುಂದಿನ ವಾರದಿಂದ ನಿನ್ನ ಜೊತೆ ನಾನೂ ಬರಬೇಕಂತೆ. ನನ್ನ ಕಥೆ ನನ್ನ ಬಾಯಿಂದಲೇ ಕೇಳ್ಬೇಕಂತೆ ಜನಕ್ಕೆ."

"ನೀವೇನಂದ್ರಿ?"

"ಏನನ್ನಲಿ? ಹೂಂ ಅಂದೆ." ಅವರು ಶಾಲಿನ ಅಂಚನ್ನು ಸರಿಮಾಡಿಕೊಂಡರು. "ನನಗೂ ಒಂದು ಹೊಸ ಬ್ಯಾಂಡ್ ಕಳಿಸ್ತಾರಂತೆ. ನಾನು ಜಾಸ್ತಿ ನಡೆಯಲ್ಲ ಬಿಡು, ಸುಮ್ಮನೆ ಕಟ್ಕೋತೀನಿ. ಯಾಕೆ ಹಾಗೆ ನೋಡ್ತೀಯ? ತಪ್ಪಾಯ್ತಾ?"

ಬೇಡ ಎನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ದೊಡ್ಡಮ್ಮನ ಮುಖ ನೋಡಿದಳು. ಇಷ್ಟು ಸಂತೋಷವಾಗಿ ಅವರನ್ನು ಕಂಡು ಎಷ್ಟೋ ದಿನವಾಗಿತ್ತು.

"ತಪ್ಪೇನಿಲ್ಲ," ಎಂದು ಹತ್ತಿರ ಹೋಗಿ, ಹೆಗಲ ಮೇಲೆ ಸುರುಳಿ ಸುತ್ತಿಕೊಂಡಿದ್ದ ಶಾಲನ್ನು ಬಿಡಿಸಿ ಹೊದಿಸಿದಳು. "ವೇದಿಕೆ ಮೇಲೆ ನಿಂತು ಮಾತಾಡಬೇಡಿ. ಕುರ್ಚಿ ಹಾಕಿಸ್ತೀನಿ, ಕೂತ್ಕೊಂಡೇ ಹೇಳಿ."

"ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದರು ದೊಡ್ಡಮ್ಮ.

ಅವಳು ಕೈಚೀಲದಿಂದ ಆಫೀಸಿನವರು ಬರೆದುಕೊಟ್ಟ ಹಾಳೆಯನ್ನು ತೆಗೆದು ದೊಡ್ಡಮ್ಮನ ಕೈಗಿಟ್ಟು, ಅವರ ಕನ್ನಡಕವನ್ನು ಹುಡುಕಿ ಕೊಟ್ಟಳು.